ಗೋಣಿಯ ಗೋಡೆ ಎಬ್ಬಿಸಿದ ಚಳಿಗಾಲ

ಒಂಬತ್ತು ರೂಪಾಯಿ ಆರಾಣೆ. ಊರಿಗಾಂ ಲೈನಿನ ನಮ್ಮ ತಟ್ಟಿ ಮನೆಯನ್ನು ನಾಲ್ಕು ಜನ ನೋಡಿ ಮೆಚ್ಚುವಂತೆ ಮಾಡಲು ನನಗೆ ತಗುಲಿದ ಖರ್ಚು ಇಷ್ಟೇ. ಇದರಲ್ಲಿ ಎರಡೂವರೆ ರೂಪಾಯಿ ಬೆಂಕಿಗೆ ಹೋಯಿತು. ಅದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕೆಟ್ಟ ವ್ಯಾಪಾರವನ್ನು ಮುಚ್ಚಿಟ್ಟು ಲೆಕ್ಕ ಒಪ್ಪಿಸುವವರ ಹತ್ತಿರ ಮನೆ ಅಲಂಕಾರದ ಬುದ್ಧಿ ಕೇಳಬೇಡಿ. ಖರ್ಚು ಮಾಡಿದ್ದು ಷೋಕಿಗಲ್ಲ. ನನ್ನ ತಮ್ಮ ನಾರಾಯಣನಿಗೆ ಹೆಣ್ಣು ಬೇಕಾಗಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ನಮ್ಮ ಮನೆ ಎಂದರೆ ಸುತ್ತ ಬಿದಿರು ತಟ್ಟಿ, ಮೇಲೊಂದು ತಗಡು.

ಮೊನ್ನೆ ಬಂಗಾರಪೇಟೆಯಲ್ಲಿ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಹೊಸ ಸಿಮೆಂಟು ಕಂಬಗಳಿಗೆ ಗೋಣಿ ಸುತ್ತಿ ನೀರು ಹೊಡೆದಿದ್ದರು. ಪಕ್ಕದ ಗುಂಡಿಯಲ್ಲಿ ಸುಣ್ಣ ಕೊತಕೊತ ಕುದಿಯುತ್ತಿತ್ತು. ನೆಂದ ಗೋಣಿ, ಬಿಸಿ ಸುಣ್ಣ, ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನರೆತ ತಲೆ ಮತ್ತೆ ಕಪ್ಪಾಯಿತು. ಎರಡನೇ ಯುದ್ಧಕ್ಕೆ ಇನ್ನೂ ಕೆಲವು ವರ್ಷ ಬಾಕಿಯಿದ್ದ ಆ ಚಳಿಗಾಲ ಎದುರಿಗೆ ಬಂದು ನಿಂತಿತು. "ಕೆಳಗಡೆ ಗೋಣಿ ಒಣಗೋಗಿದೆ ನೋಡಪ್ಪ, ಅಲ್ಲಿಗೂ ನೀರು ಹುಯ್ಯಿ" ಅಂತ ಮೇಸ್ತ್ರಿಗೆ ಹೇಳದೆ ಮುಂದಕ್ಕೆ ಹೆಜ್ಜೆ ಇಡಲು ನನ್ನ ಕೈಲಾಗಲಿಲ್ಲ. ಹೇಳಿ ಮನೆಗೆ ಬಂದೆ. ಬಂದು ಇದನ್ನು ಬರೆಯಲು ಕೂತೆ.

ಚಿನ್ನದ ಗಣಿಯ ಲೈನು ಮನೆ ನೋಡದವರಿಗೆ ಒಂದು ಮಾತು. ಒಂದೇ ಉದ್ದ ಸಾಲು, ಸಾಲಿನ ತುಂಬ ಒಂದೊಂದೇ ಕೋಣೆಯ ಮನೆಗಳು. ನಿಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ತಟ್ಟಿ. ಅದರ ಈ ಮುಖ ನಿಮ್ಮದು, ಆ ಮುಖ ಅವರದು. ನೀವು ಕ್ಯಾಲೆಂಡರು ತೂಗುಹಾಕಲು ಕಡ್ಡಿ ಚುಚ್ಚಿದರೆ ಅವರ ಕಡೆ ಅದರ ಮೊನೆ ಹೊರಡುತ್ತದೆ. ತಟ್ಟಿಗೂ ತಗಡಿಗೂ ನಡುವೆ ಒಂದು ಮೊಳ ಸಂದು. ಅದರಲ್ಲಿ ಅವರ ಒಗ್ಗರಣೆ ಈಚೆಗೆ ಬರುತ್ತದೆ, ನಿಮ್ಮ ಜಗಳ ಆಚೆಗೆ ಹೋಗುತ್ತದೆ. ನಮ್ಮದು ಸಾಲಿನ ಕೊನೆಯ ಮನೆ. ಪಕ್ಕದ ಮನೆಯಲ್ಲಿ ಕುಪ್ಪಮ್ಮ ಎಂಬ ತಮಿಳು ಹೆಂಗಸು, ಗಂಡ, ಎರಡು ಮಕ್ಕಳು. ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ನಾರಾಯಣ. ಯಜಮಾನರಿಗೆ ಸುರಂಗದೊಳಗೆ ಬಂಡೆ ಒಡೆಯುವ ಗ್ಯಾಂಗಿನಲ್ಲಿ ಕೆಲಸ, ನಾರಾಯಣನಿಗೆ ವರ್ಕ್‌ಶಾಪಿನಲ್ಲಿ. ನಾನು ಕ್ಯಾಸಂಬಳ್ಳಿ ಕಡೆಯ ತರಕಾರಿ ತಂದು ಲೈನುಗಳಲ್ಲಿ ಬುಟ್ಟಿ ಹೊತ್ತು ಮಾರುತ್ತಿದ್ದೆ. ಅಪ್ಪ ಅಮ್ಮ ಹೋದ ಮೇಲೆ ನಾರಾಯಣನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನಿಗೆ ಹೆಣ್ಣು ಕೇಳುವವಳೂ ನಾನೇ, ಇಲ್ಲ ಎನ್ನಿಸಿಕೊಳ್ಳುವವಳೂ ನಾನೇ.

ಹಿಂದಿನ ವರ್ಷ ಕಾಮಸಮುದ್ರದ ಕಡೆಯ ಒಂದು ಸಂಬಂಧ ಹೀಗೇ ತಪ್ಪಿತ್ತು. ಬಂದವರಲ್ಲಿ ಒಬ್ಬ ಮುದುಕಿ ಒಳಗೆ ಕಾಲು ಕೂಡ ಇಡಲಿಲ್ಲ. ಬಾಗಿಲಲ್ಲಿ ನಿಂತು, ತಟ್ಟಿಯನ್ನು ಬೆರಳಿನಿಂದ ಕೆರೆದು, "ತಟ್ಟಿಯೊಳಿಕ್ಕೆ ಬುಡಾಕೆ ನಾವೇನು ಕೋಳಿ ಸಾಕಿದ್ದೀವಾ?" ಅಂದಳು. ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ. ನಾರಾಯಣ ಅಂದು ಊಟ ಮಾಡದೆ ಶಿಫ್ಟಿಗೆ ಹೋದ. ಈ ಸಲ ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯ ಒಕ್ಕಲು ಮನೆ. ರಾಗಿ ಹೊಲ, ಕರೆಯುವ ಎಮ್ಮೆ ಇದ್ದವರು. ತರಕಾರಿಗೆ ಹೋಗಿ ಬಂದು ನಾನೇ ನೋಡಿಟ್ಟ ಹುಡುಗಿ ಚೌಡಮ್ಮ. ಅವಳ ತಾಯಿ ಮುನಿತಾಯಮ್ಮ ಹೆಚ್ಚು ಮಾತಿನವಳಲ್ಲ. "ಸಂಕ್ರಾಂತಿ ಕಳೀಲಿ. ಬಂದು ಮನೆ ನೋಡ್ತೀವಿ. ಆಮ್ಯಾಕೆ ಮಾತು" ಅಂದಿದ್ದಳು. ಇವಳೂ ಕೋಳಿ ಮಾತು ಆಡಿಹೋದರೆ ಆ ಸೀಮೆಯಲ್ಲಿ ಇನ್ನು ಯಾರೂ ನಮ್ಮ ಕಡೆ ತಿರುಗಿ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆ ವರ್ಷದ ಚಳಿ ಕೆಟ್ಟ ಚಳಿ. ಬೆಳಗಿನ ಶಿಫ್ಟಿನ ಕೂಗು ಕೂಗುವಾಗ ಶಾಫ್ಟಿನ ಬಾಯಿಯಿಂದ ಹಬೆ ಏಳುತ್ತಿತ್ತು. ಗಾಳಿ ಎದ್ದರೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬದ ಬಿಳೀ ಧೂಳು ತಟ್ಟಿಯ ಕಣ್ಣುಗಳಲ್ಲಿ ನುಗ್ಗಿ ಬಂದು ಮುದ್ದೆಯ ಮೇಲೆ ಕೂರುತ್ತಿತ್ತು. ತಟ್ಟಿ ಮುಚ್ಚಬೇಕು, ಚೆಂದವಾಗಿ ಮುಚ್ಚಬೇಕು, ಕಡಿಮೆಯಲ್ಲಿ ಮುಚ್ಚಬೇಕು. ಮಣ್ಣು ಮೆತ್ತೋಣವೆಂದರೆ ಆ ಭಾರಕ್ಕೆ ತಟ್ಟಿ ವಾಲಿ ಕುಪ್ಪಮ್ಮನ ಒಲೆಯ ಮೇಲೆ ಬೀಳುತ್ತಿತ್ತು. ಸೀರೆ ಕಟ್ಟೋಣವೆಂದರೆ ಗಾಳಿಗೆ ಪಟಪಟ. ಹೀಗೆ ಯೋಚನೆಯಲ್ಲಿದ್ದಾಗ ಊರಿಗಾಂ ಬಜಾರಿನ ಮೂಲೆಯಲ್ಲಿ ಹಳೇ ಸಾಮಾನಿನವನ ಹತ್ತಿರ ಒಂದು ಕಟ್ಟು ಕಾಗದ ಕಣ್ಣಿಗೆ ಬಿತ್ತು. ಮೇಣ ಹಚ್ಚಿದ ಕಂದು ಬಣ್ಣದ ಕಾಗದ. ಕೈಯಾಡಿಸಿದರೆ ಬೆಣ್ಣೆ.

"ಯಾವ ಕಾಗ್ದಾನಪ್ಪಾ ಇದು?"

"ದೊರೆಗಳ ಕ್ಲಬ್ಬಿಗೆ ಬಿಸ್ಕತ್ತು ಬತ್ತದಲ್ಲಕ್ಕ, ಆ ಪೆಟ್ಟಿಗೇದು. ಸೀಮೆ ಕಾಗ್ದ. ಮ್ಯಾಲೆ ನೀರು ನಿಲ್ಲಾಕಿಲ್ಲ."

"ಬಿಸ್ಕತ್ತಿಗೆ ಇಷ್ಟೊಂದು ಕಾಗ್ದಾನಾ?"

"ಮೂಸ್ ನೋಡಕ್ಕ ನೀನೇ. ಸೀ ವಾಸ್ನೆ ಬತ್ತದೆ."

ಮೂಸಿದೆ. ಸಿಹಿ ವಾಸನೆಯೇ. ಅವನು ನಾಲ್ಕು ರೂಪಾಯಿ ಅಂದ. ನಾನು ಎರಡು ಸಲ ಎದ್ದು ಹೋಗುವವಳ ಹಾಗೆ ಹೋಗಿ, ಎರಡನೇ ಸಲ ರಸ್ತೆಯನ್ನೇ ದಾಟಿಬಿಟ್ಟೆ. ಅವನು ಕೂಗಿದ. ಎರಡೂವರೆಗೆ ಕಟ್ಟು ನನ್ನ ಬುಟ್ಟಿಯಲ್ಲಿತ್ತು. ಬಿದಿರು ಕಡ್ಡಿಗಳನ್ನು ಸೀಳಿ, ಮೊನೆ ಚೂಪು ಮಾಡಿ, ಹಾಳೆಯ ಮೇಲೆ ಹಾಳೆ ಕೂರಿಸಿ ತಟ್ಟಿಗೆಲ್ಲ ಚುಚ್ಚಿದೆ. ಅಗ್ಗಿಷ್ಟಿಕೆಯ ಬೆಳಕಿಗೆ ಗೋಡೆಯೆಲ್ಲ ಜೇನಿನ ಬಣ್ಣವಾಯಿತು. ನಾರಾಯಣ ಒಳಗೆ ಬಂದವನು ಮತ್ತೆ ಹೊರಗೆ ಹೋಗಿ ನಮ್ಮ ಮನೆಯೇನಾ ಎಂದು ನೋಡಿ ಬಂದ. ಲೈನಿನ ಹೆಂಗಸರು ಒಬ್ಬೊಬ್ಬರೇ ಬಂದು ಗೋಡೆ ಸವರಿ ಹೋದರು. ನಾನು ನೆಲಕ್ಕೆ ಕಾಲು ತಾಗದೆ ಓಡಾಡಿದೆ.

ಮಾರನೆಯ ದಿನ ತಲೆನೋವು. ಸುಮ್ಮನೆ ತಲೆನೋವಲ್ಲ, ಕಣ್ಣಿನ ಹಿಂದೆ ಯಾರೋ ಒನಕೆ ಹಿಡಿದು ಕುಟ್ಟುವ ತಲೆನೋವು. ನಾರಾಯಣನೂ ತಲೆಗೆ ಟವಲು ಬಿಗಿದುಕೊಂಡು ಕೆಲಸಕ್ಕೆ ಹೋದ. ನಮ್ಮ ಯಜಮಾನರಿಗೆ ಮಾತ್ರ ಏನೂ ಇಲ್ಲ. "ಮೈಮುರಿದು ಕೆಲ್ಸ ಮಾಡಾಕಾಗ್ದೆ ಅಕ್ಕ ತಮ್ಮ ಇಬ್ರೂ ನಾಟ್ಕ ಆಡ್ತೀರಾ?" ಅಂತ ಅವರ ಕುಹಕ ಬೇರೆ. ನಾನು ಅದನ್ನು ದೃಷ್ಟಿ ಅಂದುಕೊಂಡೆ. ಮನೆ ಅಷ್ಟು ಚೆಂದವಾದ ಮೇಲೆ ದೃಷ್ಟಿಯಾಗದೆ ಇರುತ್ತದೆಯೇ? ಯಾರದು ಅನ್ನುವುದೂ ಗೊತ್ತಿತ್ತು: ಗೋಡೆ ಸವರಿದವರಲ್ಲಿ ಹೆಚ್ಚು ಹೊತ್ತು ಸವರಿದವಳು ಕುಪ್ಪಮ್ಮ. ಎರಡನೇ ದಿನವೂ ನೋವು ಬಿಡದಿದ್ದಾಗ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ, ಘಾಟು ಸಂದಿನಿಂದ ಆ ಕಡೆ ಹೋಗಲಿ ಅಂತಲೇ ಹಾಕಿದೆ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದಲೂ ಮೆಣಸಿನಕಾಯಿ ಘಾಟು ಈಚೆಗೆ ಬಂತು.

"ಏನ್ ಕುಪ್ಪಕ್ಕಾ, ನಿಂಗ್ಯಾಕೆ ದೃಷ್ಟಿ ತೆಗೆಯೋ ಕಷ್ಟ?" ಅಂತ ತಟ್ಟಿಯ ಕಡೆ ಕೂಗಿದೆ.

"ಅಯ್ಯೋ, ಕೇಳ್ತಾಳೆ ನೋಡು! ರೆಂಡು ದಿನದಿಂದ ನನ್ ಮಕ್ಳು ತಲೆ ಹಿಡ್ಕೊಂಡು ಕೂತಿದಾವೆ. ಸೀಮೆ ಕಾಗ್ದ ಒಟ್ಟಿಸ್ಕೊಂಡು ಮಹಾರಾಣಿ ಮಾದಿರಿ ಕುಂತಿದೀಯಲ್ಲ, ಆ ಪೆರುಮೆ ಕಣ್ಣು ನಮ್ಗೆ ಬಿತ್ತು!"

"ನನ್ ಕಣ್ಣಾ? ನನ್ ಗೋಡೆ ನೆಕ್ಕಿ ಹೋದೋಳು ನೀನು!"

"ನೆಕ್ಕೋಕೆ ಅದೇನು ಹಲ್ವಾನಾ? ಪೋಮ್ಮಾ!"

ಅವಳ ಗಂಡನೂ ಸುರಂಗದವನೇ. ಅವನಿಗೂ ತಲೆನೋವಿಲ್ಲ. ಈ ಸುಳಿವು ಅಂಗೈಯಲ್ಲೇ ಇತ್ತು. ಜಗಳದ ಬಿಸಿಗೆ ನಮಗಿಬ್ಬರಿಗೂ ಕಾಣಲಿಲ್ಲ. ಸಂಜೆ ನಮ್ಮ ಹೊಸಲ ಮುಂದೆ ಕುಂಕುಮ ಸವರಿದ ನಿಂಬೆಹಣ್ಣು ಬಿದ್ದಿತ್ತು. ನಾನು ಅದನ್ನು ಪೊರಕೆಯಿಂದ ಅವಳ ಹೊಸಲಿಗೇ ತಳ್ಳಿದೆ. ಮಾತು ನಿಂತಿತು.

ಆ ಬುಧವಾರ ನನಗೆ ಬಂಗಾರಪೇಟೆಗೆ ಹೋಗಬೇಕಿತ್ತು. ಟಿಕೀಟಿನ ಮೇಲೆ ಆಗ ಬೌರಿಂಗ್‌ಪೇಟೆ ಅಂತ ಇರುತ್ತಿತ್ತು. ತಲೆಯೆತ್ತಲಾರದೆ ರೈಲು ಹತ್ತಿದವಳು, ಇಳಿಯುವ ಹೊತ್ತಿಗೆ ಪಕ್ಕದವಳ ಬುಟ್ಟಿಯ ಬದನೆಕಾಯಿಗೆ ಬೆಲೆ ಕಟ್ಟುತ್ತಿದ್ದೆ. ತಲೆನೋವು ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಅಂದು ಮಂಡಿಯ ತೆಲುಗು ಶೆಟ್ಟರ ಅಂಗಡಿಗೆ ಸುಣ್ಣ ಹೊಡೆದಿದ್ದರು. ನೆಲಕ್ಕೆ ಹಾಸಿದ್ದ ಹರಕು ಗೋಣಿಗಳ ಮೇಲೆ ಸುಣ್ಣ ಸುರಿದು, ಬಿಸಿಲಿಗೆ ಒಣಗಿ, ಅವು ಹಲಗೆಯ ಹಾಗೆ ಬಿರುಸಾಗಿ ಗೋಡೆಗೆ ಒರಗಿ ನಿಂತಿದ್ದವು. ಬೆಳ್ಳಗೆ, ನೆಟ್ಟಗೆ. ನಾನು ಗೆಣ್ಣಿನಿಂದ ತಟ್ಟಿ ನೋಡಿದೆ. ಟಕ್ ಅಂತು. ನೋಡಿ ಸುಮ್ಮನಾದೆ, ನನಗೆ ಆಗಲೇ ಜೇನಿನ ಬಣ್ಣದ ಗೋಡೆ ಇತ್ತಲ್ಲ.

ಸಂಜೆ ಮನೆಯ ಬಾಗಿಲು ತೆಗೆದೆ. ಆ ಸಿಹಿ ವಾಸನೆ ಬಂತು, ಅದರ ಹಿಂದೆಯೇ ಒನಕೆ ಬಂತು. ನಾನು ಹೊಸಲು ದಾಟದೆ ಅಲ್ಲೇ ನಿಂತೆ. ದೃಷ್ಟಿಯಾದರೆ ನನ್ನ ಜೊತೆ ರೈಲಿನಲ್ಲಿ ಬರಬೇಕಿತ್ತು. ಮನೆಯಲ್ಲೇ ಕಾದು ಕೂತಿರುವ ತಲೆನೋವು ಎಂಥದು? ಯಜಮಾನರು ಶಿಫ್ಟು ಮುಗಿಸಿ ಬಂದ ಕೂಡಲೇ ಕೇಳಿದೆ.

"ಸುರಂಗದಾಗೆ ನಿಮ್ಗೆ ಯಾವತ್ತಾದ್ರೂ ತಲೆನೋವು ಬಂದೈತಾ?"

"ಕೆಲ್ಸಕ್ಕೆ ಸೇರಿದ ಒಸದ್ರಾಗೆ ಬತ್ತಿತ್ತು. ಅದು ಮದ್ದಿನ ತಲೆನೋವು. ಬಂಡೆ ಸಿಡ್ಸೋ ಮದ್ದು ಮುಟ್ಟುದ್ರೆ ಒಸಬ್ರಿಗೆ ಬತ್ತದೆ. ಅಭ್ಯಾಸ ಆದ್ಮ್ಯಾಕೆ ಇಲ್ಲ."

"ಆಮ್ಯಾಕೆ ಬರಾಕೇ ಇಲ್ವಾ?"

"ಅಬ್ಬಕ್ಕೆ ರಜಾ ಆಕಿ ತಿರ್ಗಾ ಕೆಲ್ಸಕ್ಕೆ ಬಂದ್ರೆ ಮೊದಲ್ನೇ ದಿನ ಬತ್ತದೆ, ಎಲ್ರಿಗೂ. ಯಾಕೆ?"

ನಾನು ಗೋಡೆಯಿಂದ ಒಂದು ಹಾಳೆ ಕಿತ್ತು ಅವರ ಮೂಗಿಗೆ ಹಿಡಿದೆ. ಅವರ ಮುಖದ ಬಣ್ಣ ಹೋಯಿತು. ಆ ವಾಸನೆ ಅವರಿಗೆ ಎಷ್ಟು ಪರಿಚಯವೆಂದರೆ ಮನೆ ತುಂಬ ಇದ್ದರೂ ಅವರು ಅದನ್ನು ತಮ್ಮ ಅಂಗಿಯದೇ ಅಂದುಕೊಂಡಿದ್ದರು.

"ಲೇ, ಇದು ಮದ್ದಿನ ಪೆಟ್ಟಿಗೆ ಕಾಗ್ದ ಕಣೇ! ಇದ್ನ ಅಲ್ಲೇ ಸುಟ್ ಆಕ್ಬೇಕು, ಈಚೆಗೆ ತರಾಂಗಿಲ್ಲ. ಇದ್ನ ಸುತ್ತಾ ಅಂಟ್ಸಿ ನಡುವೆ ಅಗ್ಗಿಷ್ಟಿಕೆ ಮಡ್ಗಿದ್ದೀಯಾ?"

ಮಾತು ಮುಗಿಯುವ ಮೊದಲೇ ಅಗ್ಗಿಷ್ಟಿಕೆ ಹೊರಗೆ ಹೋಯಿತು. ಅವರೇ ಮೈದಾನಕ್ಕೆ ಹೊತ್ತುಕೊಂಡು ಹೋಗಿ ಒಂದೊಂದೇ ಹಾಳೆ ಸುಟ್ಟರು. ಕಾಗದ ಉರಿಯುವ ಹಾಗೆ ಉರಿಯಲಿಲ್ಲ ಅದು. ಬುಸ್ ಎಂದು ನೆಗೆದು ಉರಿಯಿತು. ನನ್ನ ಎರಡೂವರೆ ರೂಪಾಯಿ ನೆಗೆದು ನೆಗೆದು ಮುಗಿಯುವವರೆಗೆ ದೂರದಲ್ಲಿ ನಿಂತು ನೋಡಿದೆ. ಮುನಿತಾಯಮ್ಮ ಬರುವುದು ಸೋಮವಾರ. ಕೈಯಲ್ಲಿ ಉಳಿದದ್ದು ಬರೀ ತಟ್ಟಿ.

ಹಳೇ ಸಾಮಾನಿನವನನ್ನು ಮಾರನೆಯ ಬೆಳಿಗ್ಗೆಯೇ ಹಿಡಿದೆ. ಅವನೂ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ! "ನಂಗೂ ತಲೆ ಸಿಡೀತದೆ ಕಣಕ್ಕ, ಕಾಪಿ ಬುಟ್ಟಿದ್ಕೆ ಅಂದ್ಕಂಡಿದ್ದೆ" ಅಂದ. ದುಡ್ಡು ಖರ್ಚಾಗಿದೆ ಅಂತ ಕೈಯೆತ್ತಿದ. ದುಡ್ಡಿಲ್ಲದಿದ್ದರೆ ಸಾಮಾನು ಕೊಡು ಅಂದೆ. ಯಾವುದೋ ದೊರೆ ಸೀಮೆಗೆ ಹೊರಟಾಗ ಹರಾಜಿನಲ್ಲಿ ಬಿಕರಿಯಾಗದೆ ಉಳಿದ ಕನ್ನಡಿ ಅವನ ಬೆನ್ನಹಿಂದೆ ಇತ್ತು, ಮೇಲಿನ ಮೂಲೆ ಬಿರುಕು. ನಿನ್ನ ಅಂಗಡಿಯಲ್ಲಿ ಉಳಿದಿರುವ ಕಾಗದ ಸುಟ್ಟುಬಿಡು, ನಾನು ಬಾಯಿ ಬಿಡುವುದಿಲ್ಲ ಎಂದ ಮೇಲೆ ಕನ್ನಡಿ ಕೊಟ್ಟ. ಆದ್ದರಿಂದ ಆ ಎರಡೂವರೆಯೂ ಪೂರ್ತಿ ಬೆಂಕಿಗೆ ಹೋಯಿತು ಅನ್ನುವ ಹಾಗಿಲ್ಲ.

ಅಲ್ಲಿಂದ ನೇರ ರೈಲು, ನೇರ ಮಂಡಿ.

"ಸೆಟ್ರೇ, ಇಲಿ ಕಡಿದ ಗೋಣಿ ಎಷ್ಟದೆ ನಿಮ್ತಾವ?"

"ಏಮಮ್ಮಾ, ಚಿನಿಗಿನ ಗೋಣಿಗೂ ಚೌಕಾಸಿ ಮಾಡೋಕೆ ಬಂದ್ಯಾ? ರಾಶಿ ಬಿದ್ದದೆ. ಒಂದಕ್ಕೆ ಒಂದಾಣೆ ಕೊಡು, ಎತ್ಕೊ."

"ಹರಕ್ಲು ಗೋಣಿಗೆ ಒಂದಾಣೆನಾ? ರಾಗಿ ತುಂಬ್ಸುದ್ರೆ ರಸ್ತೆಗೆಲ್ಲ ರಂಗೋಲಿ ಆಕ್ತದೆ."

"ಮತ್ತೆ ನಿಂಗ್ಯಾಕೆ?"

"ನಂಗೆ ರಾಗಿ ತುಂಬ್ಸೋ ಕೆಲ್ಸ ಇಲ್ಲ. ಕೇಳಿ ಸೆಟ್ರೇ. ಇಲ್ಲೇ ಕೂತು ರಾಶಿ ಎಲ್ಲ ಬೇರೆ ಮಾಡ್ತೀನಿ. ಹೊಲಿಯೋ ಅಂಗಿರೋದ್ನ ಹೊಲ್ದು ನಿಮ್ಗೆ ಕೊಡ್ತೀನಿ. ದಬ್ಬಳ ನಂದು, ಹುರಿ ನಿಮ್ದು. ಎರಡು ಹೊಲ್ದ್ರೆ, ಹೊಲಿಯಾಕೆ ಬಾರದ್ದು ಒಂದು ನಂಗೆ."

ಶೆಟ್ಟರು ಮಗನ ಕಡೆ ತಿರುಗಿ, "ಚೂಡರಾ, ಈಯಮ್ಮನ ಗಲ್ಲಾದ ಮೇಲೆ ಕೂರ್ಸುದ್ರೆ ನಾವು ಬುಟ್ಟಿ ಹೊರಬೇಕಾಯ್ತದೆ" ಅಂದರು. ಒಪ್ಪಿದರು. ಆ ಹಗಲೂ ಮಾರನೆಯ ಹಗಲೂ ಸೆಣಬಿನ ಧೂಳಿನಲ್ಲಿ ಕೂತು ಹೊಲಿದೆ. ಬೆರಳೆಲ್ಲ ತೂತು. ಸುಣ್ಣದ ಕಲ್ಲು, ಒಂದು ಪೊಟ್ಟಣ ನೀಲಿ, ಕೆಮ್ಮಣ್ಣು ಮಾತ್ರ ದುಡ್ಡು ಕೊಟ್ಟು ತಂದದ್ದು, ರೈಲಿನ ಖರ್ಚೂ ಸೇರಿ ಆರು ರೂಪಾಯಿ ಹದಿನಾಲ್ಕಾಣೆ. ಗೋಣಿಯ ಹೊರೆ ರೈಲಿಗೇರಿಸಿ ಊರಿಗಾಂಗೆ ಬಂದಿಳಿದಾಗ ನನಗೆ ನೆನಪಾಯಿತು: ತಟ್ಟಿಯ ಆ ಮುಖ ಕುಪ್ಪಮ್ಮನದು.

ಒದ್ದೆ ಗೋಣಿಯನ್ನು ತಟ್ಟಿಗೆ ಬಿಗಿದು ಹೊಲಿಯಬೇಕಾದರೆ ದಬ್ಬಳ ಈಚೆಯಿಂದ ಆಚೆಗೆ ಹೋಗಬೇಕು, ಆಚೆಯಿಂದ ಯಾರಾದರೂ ಅದನ್ನು ಹಿಡಿದು ಈಚೆಗೆ ಕಳಿಸಬೇಕು. ಅವಳು ಕೈ ಕೊಡದಿದ್ದರೆ ಗೋಡೆಯಿಲ್ಲ. ನಾನು ಅವಳ ಬಾಗಿಲಿಗೆ ಹೋದೆ. ಮದ್ದಿನ ಕಾಗದದ ಕಥೆಯನ್ನೆಲ್ಲ ಹೇಳಿದೆ.

"ಅಪ್ಪೋ, ಬಿದ್ದಿದ್ದು ನನ್ ಕಣ್ಣು ಇಲ್ವಾ?" ಅಂದಳು ಕುಪ್ಪಮ್ಮ.

"ಇಲ್ಲ. ನಂದೂ ಅಲ್ಲ."

"ಮೆಣಸಿನಕಾಯಿ ಎಷ್ಟು ಸುಟ್ಟೆ ಗೊತ್ತಾ? ಅದುಕ್ಕೆ ಯಾರು ಕೊಡೋದು?"

"ಮೆಣಸಿನಕಾಯಿ ಕೊಡಲ್ಲ. ಗೋಡೆ ಕೊಡ್ತೀನಿ. ನಿನ್ ಕಡೆಗೂ ಗೋಣಿ ಬಿಗಿದು ಸುಣ್ಣ ಹೊಡೆದ್ಕೊಡ್ತೀನಿ. ನಿನ್ ಕೈ ಕೊಡು, ಸಾಕು."

ಅವಳು ಹೊರಗೆ ಬಂದು ಹೊರೆ ನೋಡಿದಳು. "ಮೇಲೆ ಸಂದು ಇರುತ್ತಲ್ಲ?"

"ಅದ್ನೂ ಮುಚ್ತೀನಿ."

"ಮುಚ್ಚಿದ್ರೆ ನಮ್ಮ ಕರುವಾಡು ಮಣ ನಿಂಗೆ ಬರಲ್ಲ" ಅಂದಳು, ಏನೋ ದೊಡ್ಡ ಸುಖ ನನಗೆ ತಪ್ಪಿಹೋಗುತ್ತದೆ ಅನ್ನುವ ಹಾಗೆ. ಒಣಮೀನಿನ ವಾಸನೆ ಇಲ್ಲದೆಯೂ ಬದುಕುತ್ತೇನೆ ಅಂದೆ. ನಕ್ಕಳು. ಕೆಲಸ ಶುರುವಾಯಿತು.

ಸುಣ್ಣವನ್ನು ಹಿಂದಿನ ದಿನವೇ ಅರಳಿಸಿ, ರಾಗಿ ಗಂಜಿ ಸೇರಿಸಿ, ಚಿಟಿಕೆ ನೀಲಿ ಹಾಕಿ ಮಜ್ಜಿಗೆಯ ಹದಕ್ಕೆ ಕದಡಿದೆ. ಗೋಣಿಗಳನ್ನು ಬಿಚ್ಚಿ ಹಾಳೆ ಮಾಡಿ, ಒಂದಕ್ಕೊಂದು ಹೊಲಿದು, ನೀರಿಗೆ ಅದ್ದಿ, ಒದ್ದೆಯಿರುವಾಗಲೇ ಎಳೆದು ಬಿಗಿದೆವು. ದಬ್ಬಳ ಅವಳ ಕಡೆಗೆ ಹೋಗುತ್ತಿತ್ತು, "ಬಂತು" ಅನ್ನುತ್ತಿದ್ದಳು, ಮತ್ತೆ ನನ್ನ ಕಡೆಗೆ ಬರುತ್ತಿತ್ತು. ಎರಡು ಸಲ ನನ್ನ ಬೆರಳಿಗೇ ಚುಚ್ಚಿದಳು. ಒಂದು ಸಲ ಬೇಕೆಂದೇ ಇರಬೇಕು. ಚೂರುಪಾರು ಉಳಿದ ಗೋಣಿಯನ್ನೆಲ್ಲ ಸುಣ್ಣದಲ್ಲಿ ಹೊರಳಿಸಿ ಮೇಲಿನ ಸಂದಿಗೆ ಬಿಗಿಯಾಗಿ ತುರುಕಿ ಅದರ ಮೇಲೂ ಗೋಣಿ ಹೊಲಿದೆ. ಸುಣ್ಣ ಇದ್ದ ಕಡೆ ತಿಗಣೆ ಮನೆ ಮಾಡುವುದಿಲ್ಲ. ಇಡೀ ಕೋಣೆಗೆ ಅಡ್ಡಲಾಗಿ ಇನ್ನೊಂದು ಗೋಣಿ ಗೋಡೆ ಎಬ್ಬಿಸಿ, ಒಳಭಾಗವನ್ನು ಮದುವೆಯಾಗಿ ಬರುವ ಗಂಡು ಹೆಣ್ಣಿಗೆ ಅಂತ ಬಿಟ್ಟೆ. ಗೋಣಿ ಒಣಗುತ್ತ ಒಣಗುತ್ತ ತಮಟೆಯ ಚರ್ಮದ ಹಾಗೆ ಬಿಗಿಯಿತು. ಮೂರು ಕೈ ಸುಣ್ಣವಾದ ಮೇಲೆ ಅದು ಗೋಣಿ ಎಂದು ಹೇಳಿದರೂ ನಂಬುವ ಹಾಗಿರಲಿಲ್ಲ. ಒಂದೇ ಕಡೆ, ಬಂದವರು ಕೂರುವ ಎದುರಿಗೇ, ಮಂಡಿಯ ಕಪ್ಪು ಮುದ್ರೆ ಸುಣ್ಣದ ಒಳಗಿಂದ ಮತ್ತೆ ಮತ್ತೆ ಎದ್ದು ಬರುತ್ತಿತ್ತು. ಅದರ ಮೇಲೆ ಕನ್ನಡಿ ತೂಗುಹಾಕಿದೆ. ಕನ್ನಡಿಯ ಬಿರುಕಿನ ಮೂಲೆಗೆ ಕೆಮ್ಮಣ್ಣಿನಲ್ಲಿ ಮಾವಿನೆಲೆಯ ತೋರಣ ಬರೆದೆ. ಕನ್ನಡಿ ಬಾಗಿಲಿಗೆ ಎದುರಾದ್ದರಿಂದ ಹೊರಗಿನ ಬೆಳಕು ಅದರಲ್ಲಿ ಬಿದ್ದು ಒಳಕೋಣೆಯವರೆಗೆ ಹೋಯಿತು. ಗೋಡೆಯ ಬುಡಕ್ಕೆ ಸುತ್ತಲೂ ಕೆಮ್ಮಣ್ಣಿನ ಪಟ್ಟಿ. ನಾರಾಯಣ ಬಾಗಿಲಲ್ಲಿ ನಿಂತು, "ಅಕ್ಕಾ, ಈಗ ಯಾವ ಕೋಳಿ ಬತ್ತದೋ ಬರ್ಲಿ" ಅಂದ.

ಸೋಮವಾರ ಮುನಿತಾಯಮ್ಮ ಬಂದಳು, ಜೊತೆಗೆ ಗಂಡ ಪಿಳ್ಳಪ್ಪ. ಅವರು ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಯಜಮಾನರ ಜೊತೆ ಕೂತರು. ನೋಡುವ ಕೆಲಸ ಹೆಂಡತಿಯದು ಎನ್ನುವುದು ಅವರ ಕೂರುವಿಕೆಯಲ್ಲೇ ತಿಳಿಯಿತು. ಮುನಿತಾಯಮ್ಮ ಒಳಗೆ ಬಂದಳು. ಕನ್ನಡಿ ನೋಡಲಿಲ್ಲ. ತೋರಣ ನೋಡಲಿಲ್ಲ. ಒಳಕೋಣೆಗೆ ಇಣುಕಿ, ಅಡ್ಡಗೋಡೆಗೆ ಅಂಗೈ ಇಟ್ಟು ಸ್ವಲ್ಪ ಒತ್ತಿದಳು. ನಾನು ಕೊಟ್ಟ ಪಾನಕ ಕುಡಿದಳು.  ಲೋಟ ಇಟ್ಟವಳೇ, "ಪಕ್ಕದ ಮನೇಲಿ ಯಾರವ್ರೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಕುಪ್ಪಮ್ಮನ ಮನೆಗೆ ಹೋದಳು.

ಹೆಣ್ಣು ಕೊಡುವವರು ಪಕ್ಕದ ಮನೆಯಲ್ಲಿ ವಿಚಾರಿಸುವುದು ನಮ್ಮ ಕಡೆ ಇದ್ದದ್ದೇ. ಆದರೆ ಹೋದ ವಾರ ನಿಂಬೆಹಣ್ಣು ಎಸೆದವಳ ಬಾಯಲ್ಲಿ ಈಗ ನನ್ನ ತಮ್ಮನ ಮದುವೆ ಇತ್ತು. ಓಡಿಹೋಗಿ ಗೋಡೆಗೆ ಕಿವಿ ಹಚ್ಚಿದೆ. ಕುಪ್ಪಮ್ಮ ಸೌಟು ಇಟ್ಟರೆ ಕೇಳುತ್ತಿದ್ದ ಜಾಗ ಅದು. ಅವಳ ಗಂಡ ಮಗ್ಗುಲು ಬದಲಿಸಿದರೆ ನನಗೆ ತಿಳಿಯುತ್ತಿತ್ತು. ಈಗ ಏನೂ ಇಲ್ಲ. ಕಿವಿ ಬದಲಾಯಿಸಿದೆ. ಮೇಲಿನ ಸಂದಿನ ಕಡೆ ನೋಡಿದೆ, ಅದನ್ನೂ ನಾನೇ ಮುಚ್ಚಿದ್ದೆ. ಬುಡದಲ್ಲಿ ಕೂತು ನೋಡಿದೆ. ಎಲ್ಲೋ ದೂರದಲ್ಲಿ ಜೇನ್ನೊಣ ಗುಂಯ್ ಅನ್ನುವ ಹಾಗೆ ಒಂದು ಸದ್ದು, ಅಷ್ಟೇ. ಬೆರಳೆಲ್ಲ ತೂತು ಮಾಡಿಕೊಂಡು ನಾನು ಕಟ್ಟಿದ ಗೋಡೆ ನನಗೇ ಒಂದಕ್ಷರ ಬಿಟ್ಟುಕೊಡಲಿಲ್ಲ.

ಮುನಿತಾಯಮ್ಮ ಹಿಂದಕ್ಕೆ ಬಂದಾಗ ನನ್ನ ಒಂದು ಕೆನ್ನೆಯೆಲ್ಲ ಸುಣ್ಣ. ಅವಳು ಅದನ್ನು ನೋಡಿದಳು. ಕೂತಳು.

"ನಾವು ಮಾತಾಡಿದ್ದು ಕೇಳುಸ್ತೇನಮ್ಮಾ?"

ಕೇಳಿಸಲಿಲ್ಲ ಅಂದರೆ ಕದ್ದು ಕೇಳಲು ನೋಡಿದೆ ಎಂದು ಒಪ್ಪಿದ ಹಾಗೆ. ಕೇಳಿಸಿತು ಅಂದರೆ ಸುಳ್ಳು, ಏನು ಅಂತ ಕೇಳಿದರೆ ಸಿಕ್ಕಿಬೀಳುತ್ತೇನೆ. ಕೆನ್ನೆಯ ಸುಣ್ಣ ಒರೆಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. "ಒಂದಕ್ಷರನೂ ಇಲ್ಲ ತಾಯಿ. ಎಲ್ಲಾ ಕಡೇನೂ ಕಿವಿ ಇಟ್ ನೋಡ್ದೆ."

"ನಾನು ಬಾಳಾ ಜೋರಾಗೇ ಮಾತಾಡ್ದೆ" ಅಂದಳು ಅವಳು. "ಆಯಮ್ಮನ್ನೂ ಜೋರಾಗ್ ಮಾತಾಡ್ಸುದ್ದೆ." ಮೊದಲ ಸಲ ಅವಳ ಮುಖ ಸಡಿಲವಾಯಿತು. "ನಮ್ ಚೌಡಿಗೆ ಒಲದಾಗೆ ಕೂಗಿ ಕೂಗಿ ಅಭ್ಯಾಸ. ಗಂಟ್ಲು ದೊಡ್ಡದು. ಲೈನ್ ಮನೇಲಿ ಗಂಡ ಹೆಂಡ್ರು ಗುಸುಗುಟ್ಟುದ್ರೂ ಬೆಳಕಾದ್ರೆ ಲೈನೆಲ್ಲಾ ಅದ್ನೇ ಆಡ್ಕೊಂಡು ನಗ್ತದಂತೆ. ಅದ್ಕೇ ಈ ಕಡೆ ಹೆಣ್ಣು ಕೊಡಾಕೆ ನಂಗೆ ಮನಸ್ಸೇ ಇರ್ಲಿಲ್ಲ. ಈ ಅಡ್ಡಗ್ವಾಡೆನೂ ಅಂಗೇನಾ?"

"ಅಂಗೇ."

ಅವಳು ಜಗಲಿಯ ಕಡೆ ತಿರುಗಿ ಕೂಗಿದಳು: "ಏನಂದ್ರೆ, ಆ ಎಲೆಅಡಿಕೆ ಉಗುದು ಒಳಿಕ್ಕೆ ಬನ್ನಿ. ಮಾತಾಡಾನ." ಆ ಗಂಟಲು ಕೇಳಿದ ಮೇಲೆ ಮಗಳದು ಎಲ್ಲಿಂದ ಬಂತು ಎಂದು ತಿಳಿಯಿತು.

ವೈಶಾಖದಲ್ಲಿ ಮದುವೆಯಾಯಿತು. ಕುಪ್ಪಮ್ಮ ಅಂದು ಏನು ಹೇಳಿದಳು ಎಂದು ಆಮೇಲೆ ಎಷ್ಟೋ ಸಲ ಕೇಳಿದೆ. "ಹೇಳೋದೇನು? ಆಯಮ್ಮ ಗೋಡೆ ಯಾರು ಮಾಡ್ಕೊಟ್ಟಿದ್ದು ಅಂದ್ಲು. ಪಕ್ಕದೋಳೇ ಅಂದೆ. ನಂಬಲಿಲ್ಲ, ತಟ್ಟಿ ನೋಡಿದ್ಲು" ಅನ್ನುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಸಾಲಿನಲ್ಲಿ ಅರ್ಧಕ್ಕರ್ಧ ಗೋಣಿ ಗೋಡೆಗಳು. ದಬ್ಬಳದ ಒಂದು ಕಡೆ ನಾನು, ಇನ್ನೊಂದು ಕಡೆ ಕುಪ್ಪಮ್ಮ, ಕೂಲಿ ಸಮಪಾಲು. ಆ ಕೂಲಿಯ ಮೇಲೆಯೇ ನಾನು ಮುಂದೆ ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟದ್ದು. ಈಗ ಮಹಡಿ ಮನೆ ಕಟ್ಟಿಸಿದವರೂ ಯಾವ ಬಣ್ಣ, ಯಾವ ಪರದೆ ಅಂತ ನನ್ನನ್ನು ಕರೆಸಿ ಕೇಳುತ್ತಾರೆ. ಹೇಳುತ್ತೇನೆ, ಕಾಫಿ ಕುಡಿದು ಬರುತ್ತೇನೆ.

ನಿಮಗೂ ಹೇಳಿಬಿಡುತ್ತೇನೆ. ಕಡಿಮೆ ದುಡ್ಡಿನಲ್ಲಿ ಮನೆ ಚೆಂದ ಮಾಡಬೇಕಾದರೆ ಮೊದಲು ಅಂಗಡಿಗೆ ಹೋಗಬೇಡಿ. ಮನೆಯ ನಡುವೆ ನೆಲದ ಮೇಲೆ ಒಂದು ಹೊತ್ತು ಕೂತು, ಅಲ್ಲಿ ಬಾಳುವವರಿಗೆ ಏನು ತೊಂದರೆ ಎಂದು ನೋಡಿ. ಗಾಳಿಯೋ, ಧೂಳೋ, ಕತ್ತಲೋ, ಪಕ್ಕದ ಮನೆಯ ಮಾತೋ. ಅದನ್ನು ಸರಿಮಾಡುವ ಕೆಲಸಕ್ಕೇ ಸ್ವಲ್ಪ ಅಂದ ಸೇರಿಸಿ, ಎರಡಕ್ಕೆ ಬೇರೆ ಬೇರೆ ಖರ್ಚು ಬೇಡ. ಹಳೇ ಸಾಮಾನು ಕೊಳ್ಳುವಾಗ ಬೆಲೆ ಆಮೇಲೆ ಕೇಳಿ. ಅದು ನಿನ್ನೆಯವರೆಗೆ ಎಲ್ಲಿ, ಏನು ಕೆಲಸದಲ್ಲಿತ್ತು ಎಂದು ಇಬ್ಬರ ಹತ್ತಿರ ಕೇಳಿ, ಮಾರುವವನ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸುಣ್ಣಕ್ಕೆ ನೀಲಿ ಚಿಟಿಕೆ ಸಾಕು, ಹೆಚ್ಚಾದರೆ ಮನೆ ಜ್ವರ ಬಂದವರ ಹಾಗೆ ಕಾಣುತ್ತದೆ. ಕನ್ನಡಿ ದೊಡ್ಡದಾಗಬೇಕಿಲ್ಲ, ಬೆಳಕಿಗೆ ಎದುರಾಗಬೇಕು. ಮುಖ್ಯವಾಗಿ, ನಿಮ್ಮ ಗೋಡೆ ಇನ್ನೊಬ್ಬರಿಗೂ ಗೋಡೆಯಾಗಿದ್ದರೆ, ಸುಣ್ಣವನ್ನು ಇಬ್ಬರಿಗಾಗುವಷ್ಟು ಕದಡಿ. ನಿಮ್ಮ ಮನೆಯ ವಿಚಾರ ಕೇಳಲು ಯಾರಾದರೂ ಬಂದ ದಿನ ಆ ಕಡೆಯವರು ಆ ಬಿಳೀ ಗೋಡೆಗೆ ಒರಗಿಕೊಂಡೇ ಉತ್ತರ ಕೊಡುತ್ತಾರೆ.